ಬೆವರಿಲ್ಲದ ಬನಿಯನ್

ಅಮ್ಮ ಬಕೆಟ್ಟಿನಲ್ಲಿ ಸಾಬೂನು ಪುಡಿ ಕಲಸುತ್ತಿದ್ದಳು. ಅಪ್ಪ ಬಿಚ್ಚಿಹಾಕಿದ ಬನಿಯನ್ನನ್ನು ನಾನು ಎತ್ತಿ ಮೂಸಿದೆ. ಅಪ್ಪ ಕುಡಿತ ಬಿಟ್ಟು ಸಂಜೆ ಓಡಲು ಶುರುಮಾಡಿದಾಗಿನಿಂದ ಇದು ನನ್ನ ಕೆಲಸ. ಬನಿಯನ್ ಬೆವರಿನಲ್ಲಿ ತೊಯ್ದಿದ್ದರೆ ಅಮ್ಮನಿಗೆ ಸಮಾಧಾನ.

ಇವತ್ತು ಅದು ಒಣಗಿಯೇ ಇತ್ತು. ಅಮ್ಮನ ಕೈಗೆ ಕೊಟ್ಟೆ.

"ಏನ್ರೀ, ಇವತ್ತು ಬನಿಯನ್ ಮನೇಲಿ ಬಿಟ್ಟು ಓಡಿದ್ರಾ?"

ಬಾಗಿಲ ಬಳಿ ಷೂ ಕೊಡವುತ್ತಿದ್ದ ಅಪ್ಪ ತಲೆ ಎತ್ತಲಿಲ್ಲ. "ಓಡ್ಲಿಲ್ಲ. ಮಂಡಿ ನೋವು. ಮೈದಾನದಲ್ಲಿ ಕೂತಿದ್ದೆ."

"ಇಷ್ಟು ಹೊತ್ತು? ಬೆಂಚಿಗೆ ಅಂಟಿಕೊಂಡಿದ್ರಾ?"

"ಓಡ್ತಿದ್ರೆ ದಾರೀಲಿರೋ ಬಾರ್ ದಾಟಿಬಿಡ್ತೀನಿ ಕಣೇ. ಕುಂಟ್ಕೊಂಡು ಬಂದ್ರೆ ಅಲ್ಲೇ ನಿಂತುಬಿಡ್ತೀನೇನೋ ಅಂತ ಹೆದರಿಕೆ ಆಯ್ತು. ಅದಕ್ಕೇ ಸುತ್ತು ದಾರೀಲಿ ಬಂದೆ."

"ಹೂಂ, ಕಥೆ ಚೆನ್ನಾಗಿದೆ."

ಅಮ್ಮ ಎದ್ದು ಅವನೆದುರು ನಿಂತಳು. ಅಪ್ಪ ಬಾಯಿ ತೆರೆದು ಉಸಿರು ಬಿಟ್ಟ. ಅವಳು ಮೂಸಿ, ಏನೂ ಇಲ್ಲವೆಂದು ನನಗೆ ಸನ್ನೆ ಮಾಡಿದಳು. ಆದರೂ ನನ್ನ ಅನುಮಾನ ಹೋಗಲಿಲ್ಲ. ಹಿಂದೆಯೂ ಎಷ್ಟೋ ಸಲ ಅವನು ವಾಸನೆಯೇ ಬಾರದಂತೆ ಕುಡಿದು ಬಂದಿದ್ದ. ಆಗಲೂ ಹೀಗೇ ಬಾಯಿ ತೆರೆದು ತೋರಿಸುತ್ತಿದ್ದ.

ಅಪ್ಪ ನನ್ನ ಕಡೆ ತಿರುಗಿದ. ನಾನು ಮೂಸಿ ನೋಡುವುದು ಅವನಿಗೆ ಮೊದಲಿಂದಲೂ ಗೊತ್ತಿತ್ತೆಂದು ಆಗ ಅನ್ನಿಸಿತು.

"ಪುಟ್ಟೀ, ನಾಳೆ ನನ್ನ ಜೊತೆ ಬರ್ತೀಯಾ? ಮಂಡಿ ವಾಸಿಯಾಗೋವರೆಗೂ ಆ ಬಾರ್ ದಾಟಿಸು, ಸಾಕು."

ಅಮ್ಮ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ.

"ಬಾರಮ್ಮ," ಎಂದ ಅಪ್ಪ.