ಲಾವಾ ಚಪ್ಪಡಿಯ ಕೆಳಗಿನ ಗೆರೆ

ನಂಬುವವರು ನಂಬಲಿ, ಅರಬ್ಬೀ ಸಮುದ್ರದ ಹೊಟ್ಟೆಯೊಳಗಿನದು ಕಂಡದ್ದು ನುಗ್ಗೇಹಳ್ಳಿಯ ಒಂದು ತೆಂಗಿನಕಾಯಿಯಿಂದ. ಕಾಯಿ ನಮ್ಮ ತೋಟದ್ದು. ಹಿಡಿದಿದ್ದವನು ನಾನು, ರವೀಂದ್ರ.

೨೦೦೩ರಲ್ಲಿ ನಾನು ಸಮುದ್ರತಳದ ಸರ್ವೆ ಮಾಡುವ ಹಡಗೊಂದರಲ್ಲಿ ಗನ್ನುಗಳಿಗೆ ಗಾಳಿ ತುಂಬುವ ಕಂಪ್ರೆಸರ್ ನೋಡಿಕೊಳ್ಳುತ್ತಿದ್ದೆ. ಗಾಳಿ ಗನ್ನು ನೀರೊಳಗೆ ಢಮಾರ್ ಅನ್ನುತ್ತದೆ. ಆ ಸದ್ದು ತಳಕ್ಕಿಳಿದು, ಕಲ್ಲಿನ ಪದರಗಳಿಗೆ ಬಡಿದು ವಾಪಸ್ ಬರುತ್ತದೆ. ಹಡಗಿನ ಹಿಂದೆ ಮೈಲಿಗಟ್ಟಲೆ ಎಳೆದ ಕೇಬಲ್ ಅದನ್ನು ಹಿಡಿದು ಪರದೆಯ ಮೇಲೆ ಗೆರೆ ಬರೆಸುತ್ತದೆ. ಆದರೆ ಅಲ್ಲಿ ಹಳೆಯ ಲಾವಾ ಹೆಪ್ಪುಗಟ್ಟಿ ಚಪ್ಪಡಿಯಾಗಿ ಕೂತಿತ್ತು. ಕೂಗಿದ್ದನ್ನೆಲ್ಲ ಮುಖಕ್ಕೇ ಎಸೆಯುತ್ತಿತ್ತು, ನಮ್ಮ ಸೋದರತ್ತೆ ನಂಜಮ್ಮನ ಹಾಗೆ.

ತೀರಾ ತಗ್ಗಿದ ಸ್ವರ ಮಾತ್ರ ಚಪ್ಪಡಿ ದಾಟೀತೆಂದು ಹಟ ಹಿಡಿದವರು ನಮ್ಮ ಸಾಹೇಬರು, ರುದ್ರಪಟ್ಟಣದ ಸಂಪತ್ಕುಮಾರ್. ಅವತ್ತು ಅವರಿಗೆ ಕೊನೆಯ ಅವಕಾಶ. ಮುಂಗಾರಿನ ಅಲೆ ಏಳುತ್ತಿತ್ತು. ಸಂಜೆಗೆ ಕೇಬಲ್ ಸುತ್ತಿಡಬೇಕು. ಅಷ್ಟರೊಳಗೆ ಲಾವಾದ ಕೆಳಗೊಂದು ಗೆರೆ ಕಾಣದಿದ್ದರೆ ಸರ್ವೆ ಬಂದ್, ಅವರು ದಡದ ಆಫೀಸಿನಲ್ಲಿ ಸ್ಟೋರ್ಸ್ ಕಾಯಬೇಕು ಎಂದು ಮೇಲಿನವರು ಹೇಳಿಬಿಟ್ಟಿದ್ದರು.

ಗನ್ನುಗಳನ್ನು ಆಳಕ್ಕಿಳಿಸಿದೆವು. ಸ್ವರ ಎಷ್ಟು ತಗ್ಗಿತೆಂದರೆ, ಒಲೆ ಆರಿಸಿದ ಮೇಲೂ ಸಾರು ಕುದಿಯಿತು. ಅಡುಗೆ ಈಶ್ವರಯ್ಯನ ಹಲ್ಲುಸೆಟ್ಟು ಲೋಟದೊಳಗೇ ಅಗಿಯತೊಡಗಿತು. ಪರದೆಯಲ್ಲಿ ಮಾತ್ರ ಬರೀ ನಡುಗುವ ಮಬ್ಬು.

"ಎಲ್ಲಿಂದಲೋ ಬೇರೆ ಸದ್ದು ಸೇರ್ಕೊಳ್ತಿದೆ ಸಾರ್," ಅಂದಳು ಪರದೆ ನೋಡುತ್ತಿದ್ದ ಹಾಸನದ ಆರತಿ.

ಕಂಪ್ರೆಸರ್ ಒಂದು ಬಿಟ್ಟು ಸಾಹೇಬರು ಎಲ್ಲ ಆಫ್ ಮಾಡಿಸಿದರು. ಫ್ಯಾನು, ಪಂಪು, ಗ್ರೈಂಡರು. ನಮ್ಮ ಚಪ್ಪಲಿ ಬಿಡಿಸಿದರು. ಹಲ್ಲುಸೆಟ್ಟಿಗೆ ಬಟ್ಟೆ ಸುತ್ತಿಸಿದರು. ಮಬ್ಬು ಹೋಗಲಿಲ್ಲ. ಕಿಟಕಿಗೆ ಅಲೆ ಬಡಿಯುತ್ತಿತ್ತು.

ತಡೆಯಲಾರದೆ ನಾನು ಕಾಯಿ ತಂದೆ. ಬೋರ್ ಕೊರೆಸುವ ಮುಂಚೆ ನಮ್ಮೂರಲ್ಲಿ ಅಂಗೈ ಮೇಲೆ ಕಾಯಿ ಇಟ್ಟುಕೊಂಡು ಹೊಲ ಸುತ್ತುತ್ತೇವೆ. ನೀರಿರುವ ಕಡೆ ಅದು ಎದ್ದು ನಿಲ್ಲುತ್ತದೆ.

ನಿಂತಿತು.

"ನೀರೈತೆ ಸಾ."

"ಸಮುದ್ರ ಕಣಯ್ಯಾ ಇದು!"

"ಅದ್ಕೇ ಎಲ್ಗೋದ್ರೂ ಕಾಯಿ ಮನೀಕತ್ತಾನೇ ಇಲ್ಲ."

ಕೆಳಗಿನ ಕಂಪ್ರೆಸರ್ ಬಿಟ್ಟರೆ ಕೋಣೆಯಲ್ಲಿ ಒಂದೇ ಒಂದು ಝೇಂಕಾರ ಉಳಿದಿತ್ತು. ಗೆರೆ ಬರೆಯುವ ಯಂತ್ರಗಳ ಪಕ್ಕದ ಪ್ಲಗ್ಗಿಗೇ ಸಿಕ್ಕಿಸಿದ್ದ ಸಾಹೇಬರ ಕರೆಂಟಿನ ಶ್ರುತಿಪೆಟ್ಟಿಗೆ. ತಂಬೂರಿಯ ಮಗ್ಗುಲಲ್ಲಿ ಬೆಳೆದ ಮನುಷ್ಯ. ಅದಿಲ್ಲದೆ ಅವರು ಕೆಲಸಕ್ಕೆ ಕೂತದ್ದೇ ಇಲ್ಲ.

"ಎಲ್ಲಾ ಆರ್ಸುದ್ರಿ ಸಾ. ಆ ಪೆಟ್ಗೆ?"

"ಅದು ಸದ್ದಲ್ಲಯ್ಯ. ಶ್ರುತಿ."

ಅಷ್ಟರಲ್ಲಿ ದೊಡ್ಡದೊಂದು ಅಲೆ ಹಡಗಿನ ಪಕ್ಕೆಗೆ ಗುದ್ದಿತು. ಕಾಯಿ ನನ್ನ ಕೈಯಿಂದ ಹಾರಿ, ಮೇಜಿನುದ್ದಕ್ಕೂ ಉರುಳಿ, ನೇರ ಪ್ಲಗ್ಗಿಗೆ ಬಡಿಯಿತು.

ಝೇಂಕಾರ ನಿಂತಿತು. ಸಾಹೇಬರು ಧಡಕ್ಕನೆ ಎದ್ದರು.

"ಏಯ್ ರವೀಂದ್ರ, ನಿನ್ನ..."

"ಸಾರ್, ನೋಡಿ!" ಆರತಿ ಪರದೆ ತೋರಿಸಿದಳು.

ಮಬ್ಬು ಕರಗಿತ್ತು. ಚಪ್ಪಡಿಯ ಕೆಳಗೆ, ಕೂದಲೆಳೆಯಷ್ಟು ತೆಳ್ಳಗೆ, ಒಂದು ಗೆರೆ. ಗನ್ನು ಹೊಡೆದಂತೆಲ್ಲ ಅದು ಬೆಳೆಯಿತು, ಬಾಗಿತು. ಅದರ ಕೆಳಗೆ ಇನ್ನೊಂದು ಹುಟ್ಟಿತು. ಸಾಹೇಬರ ಬಲಗೈ ಅಭ್ಯಾಸಬಲದಿಂದ ಪ್ಲಗ್ಗಿನ ಕಡೆ ಹೊರಟಿತು. ಅರ್ಧ ದಾರಿಯಲ್ಲಿ ಅದನ್ನು ಎಳೆದುಕೊಂಡು ಅದರ ಮೇಲೇ ಕೂತರು. ಕೇಬಲ್ ಸುತ್ತುವ ಹೊತ್ತಿನವರೆಗೂ ಹಾಗೇ ಕೂತಿದ್ದರು, ಹಣೆಯಲ್ಲಿ ಬೆವರು.

ಮಳೆಗಾಲ ಮುಗಿದ ಮೇಲೆ ಸರ್ವೆ ಮುಂದುವರಿಸಿ ಎಂದು ಸಂಜೆ ದಡದಿಂದ ಸುದ್ದಿ ಬಂತು. ಸಾಹೇಬರು ಶ್ರುತಿಪೆಟ್ಟಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, "ಆ ಕಾಯಿ ಒಡೀಬೇಡ್ರಯ್ಯ, ಜೋಪಾನವಾಗಿ ಇಡಿ," ಅಂದರು.

ಈಶ್ವರಯ್ಯನ ಗ್ರೈಂಡರು ಆಗಲೇ ಚಟ್ನಿಗೆ ತಿರುಗುತ್ತಿತ್ತು.