ಇಲ್ಲ ಅನ್ನಿ ಸಾರ್

ಕೋರ್ಟಿನ ಆ ಕೌಂಟರಿನ ಮುಂದೆ ನಿಂತವರೆಲ್ಲ ತಮ್ಮ ಅರ್ಜಿ ಒಪ್ಪಲಿ ಎಂದು ಬಂದವರು. ಪಂಕ್ಚರ್ ಅಕ್ಕ ಮಾತ್ರ ಬೇರೆಯದೇ ಮನವಿಯನ್ನು ಕಿಂಡಿಯೊಳಗೆ ತಳ್ಳಿದಳು.

"ಸಾರ್, ನನ್ನ ಅರ್ಜಿ ವಜಾ ಮಾಡಿ."

ಗುಮಾಸ್ತ ಕನ್ನಡಕವನ್ನು ಹಣೆಗೇರಿಸಿದ. "ಏನಮ್ಮಾ, ಸೋಲೋದಕ್ಕೂ ಕ್ಯೂ ನಿಲ್ತೀರಾ?"

"ಸೋತು ಅಭ್ಯಾಸ ಆಗಿದೆ ಸಾರ್. ಇದೊಂದು ಬಾಕಿ ಇದೆ."

ಹಿಂದೆ ನಿಂತವರು ನಕ್ಕರು. ಅವಳು ನಗಲಿಲ್ಲ.

ಅವಳ ತಮ್ಮ ಠಾಣೆಯ ಲಾಕಪ್ಪಿನಲ್ಲಿ ಸತ್ತಿದ್ದ. ಹೃದಯಾಘಾತ ಅಂದರು ಪೊಲೀಸರು. ಬೆನ್ನ ಮೇಲಿನ ಬಾಸುಂಡೆಗಳನ್ನು ಅವಳು ಕಣ್ಣಾರೆ ಕಂಡಿದ್ದಳು. ಕೆಳಗಿನ ಕೋರ್ಟು, ಮೇಲಿನ ಕೋರ್ಟು, ಅದರ ಮೇಲಿನದು, ಯಾವುದಕ್ಕೂ ಅವು ಕಾಣಲಿಲ್ಲ. ಉಳಿದದ್ದು ದೇಶದ ಹೊರಗಿನ ಮಾನವ ಹಕ್ಕುಗಳ ಸಮಿತಿ. ಅಲ್ಲಿ ಮೊದಲ ಪ್ರಶ್ನೆಯೇ: ನಿಮ್ಮ ದೇಶದ ಕೋರ್ಟುಗಳ ಬಾಗಿಲುಗಳನ್ನೆಲ್ಲ ತಟ್ಟಿ ಮುಗಿಸಿದಿರಾ?

ಕೊನೆಯ ಬಾಗಿಲು ಈ ಮರುಪರಿಶೀಲನೆಯ ಅರ್ಜಿ. ಹಾಕಿ ವರ್ಷಗಳೇ ಕಳೆದರೂ ವಿಚಾರಣೆಯೂ ಇಲ್ಲ, ವಜಾವೂ ಇಲ್ಲ.

"ಅಕ್ಕ, ಅವರು ಇಲ್ಲ ಅಂದ್ರೆ ನಾಳೆನೇ ಹೊರಗೆ ಹೋಗಬಹುದು," ಎಂದಿದ್ದಳು ಅವಳ ವಕೀಲೆ, ಪಂಕ್ಚರ್ ಅಂಗಡಿಯ ಟೈರುಗಳ ಮೇಲೆ ಕೂತು. "ಯಾವತ್ತೂ ಏನೂ ಹೇಳಲ್ಲ ಅಂತ ಸಾಬೀತಾದ್ರೂ ನಡಿಯುತ್ತೆ. ಕೊನೆಯಿಲ್ಲದ ವಿಳಂಬಕ್ಕೆ ಅಲ್ಲಿ ವಿನಾಯಿತಿ ಇದೆ. ನೀವಾಗಿ ಮಾತ್ರ ವಾಪಸ್ ತಗೋಬೇಡಿ. ಬಾಗಿಲು ತೆರೆದೇ ಇತ್ತು, ನೀವೇ ಎದ್ದುಹೋದ್ರಿ ಅಂತಾರೆ."

ಅವಳು ಟ್ಯೂಬನ್ನು ನೀರಿನಲ್ಲಿ ತಿರುಗಿಸುತ್ತ ಕೇಳಿಸಿಕೊಂಡಿದ್ದಳು. ಒಂದು ತೂತು ಸಿಕ್ಕರೂ ನಿಲ್ಲಿಸಬಾರದು, ಪೂರ್ತಿ ಸುತ್ತು ನೋಡಬೇಕು. ಈ ವಿಷಯದಲ್ಲಿ ಅವಳ ತಮ್ಮ ಬಲು ಕಟ್ಟುನಿಟ್ಟಾಗಿದ್ದ.

ಕೌಂಟರಿನ ಮುಂದಿನ ನಗು ಕೇಳಿ ಕೋರ್ಟಿನ ಮೇಲಧಿಕಾರಿ ಅವಳನ್ನು ಒಳಗೆ ಕರೆಸಿದರು. ಕುರ್ಚಿ, ಫ್ಯಾನು, ಚಹಾ. ವಾಪಸಾತಿಯ ಕಾಗದವೊಂದು ಮೊದಲೇ ಸಿದ್ಧವಾಗಿತ್ತು.

"ನೋಡು ತಾಯಿ, ಸಹಿ ಹಾಕಿಬಿಡು. ಮೇಲಿನವರ ಹತ್ರ ಮಾತಾಡಿ ಹೊಸದಾಗಿ ತನಿಖೆ ಮಾಡಿಸ್ತೀನಿ. ಹಾವೂ ಸಾಯಬಾರದು, ಕೋಲೂ ಮುರೀಬಾರದು."

ಬೆಳಿಗ್ಗೆ ಅಮ್ಮ ಅಂದದ್ದು ನೆನಪಾಯಿತು: "ಸಾಕು ಬಿಡೇ, ಅವನ ಹೆಸರು ಇನ್ನೆಷ್ಟು ಕಚೇರೀಲಿ ಕೂಗಿಸ್ತೀಯ?" ಪೆನ್ನು ಕೈಗೆಟುಕುವಷ್ಟು ಹತ್ತಿರವಿತ್ತು.

"ಸತ್ತದ್ದು ಹಾವಲ್ಲ ಸಾರ್, ನನ್ನ ತಮ್ಮ," ಎಂದಳು. "ಕೋಲು ಮುರಿದದ್ದೂ ಅವನ ಬೆನ್ನ ಮೇಲೇ."

ಅವರ ಹುಬ್ಬು ಗಂಟಿಕ್ಕಿತು. "ಹಾಗಾದ್ರೆ ಕಾಯಿ."

"ಯಾವತ್ತಿನವರೆಗೆ?"

"ಅದನ್ನ ಕೇಳೋಕೆ ನೀನ್ಯಾರು? ದಿನ ಹೇಳೋಕಾಗಲ್ಲ. ಇವತ್ತೂ ಆಗಲ್ಲ, ಮುಂದೆಯೂ ಆಗಲ್ಲ!"

"ಬರೆದು ಕೊಡ್ತೀರಾ?"

"ಏನು, ಹೆದರ್ತೀನಿ ಅಂದ್ಕೊಂಡ್ಯಾ?"

ಅವಳ ಮನವಿಯನ್ನೇ ಎಳೆದುಕೊಂಡು ಅಂಚಿನಲ್ಲಿ ಗೀಚಿದರು: ವಿಚಾರಣೆಯ ದಿನಾಂಕ ತಿಳಿಸಲು ಸಾಧ್ಯವಿಲ್ಲ, ಮುಂದೆಯೂ ಕೇಳತಕ್ಕದ್ದಲ್ಲ. ಚಹಾ ತುಳುಕುವಂತೆ ಮೊಹರು ಕುಟ್ಟಿದರು.

ಅವಳು ಕಾಗದವನ್ನು ಬೆಳಕಿಗೆ ಹಿಡಿದಳು. "ಸಾರ್, ಮೊಹರು ಮಸುಕಾಗಿದೆ. ಇನ್ನೊಂದ್ಸಲ."

ಸಿಟ್ಟಿನಲ್ಲಿ ಅದನ್ನೂ ಒತ್ತಿದರು.

"ಏನಮ್ಮಾ, ಸೋತ್ರಾ?" ಕೌಂಟರಿನ ಗುಮಾಸ್ತ ಕೇಳಿದ.

"ನನ್ನನ್ನ ಸೋಲಿಸೋಕೂ ಇವರಿಗೆ ಪುರುಸೊತ್ತಿಲ್ಲವಂತೆ."

ಮೆಟ್ಟಿಲ ಮೇಲೆ ನಿಂತು ವಕೀಲೆಗೆ ಫೋನು ಮಾಡಿ, ಬರೆದದ್ದನ್ನು ಓದಿ ಹೇಳಿದಳು. ಆ ಕಡೆಯಿಂದ ಕಿರುಚಿದಷ್ಟು ಜೋರಾದ ನಗು. "ವಿಳಂಬಕ್ಕೆ ಕೊನೆಯಿಲ್ಲ ಅಂತ ಅವರೇ ಬರೆದುಕೊಟ್ರಲ್ಲ ಅಕ್ಕ!"

"ಅಲ್ಲಿಗೆ ಹೋಗೋಕೆ ಪಾಸ್‌ಪೋರ್ಟ್ ಬೇಕೇನೇ?"

"ಬೇಡ ಅಕ್ಕ. ಅಂಚೆಚೀಟಿ ಸಾಕು."

ಮನೆಗೆ ಹೋಗಿ ಅಮ್ಮನಿಗೆ ಹೇಳಬೇಕು: ಇನ್ನೊಂದು ಕಚೇರಿ ಉಳಿದಿದೆ. ಅಲ್ಲಿಯೂ ಅವನ ಹೆಸರು ಕೂಗಿಸುತ್ತೇನೆ, ಇಲ್ಲಿಯವರಿಗೂ ಕೇಳುವಷ್ಟು ಜೋರಾಗಿ.