ಅಸ್ಕರನ ಕೈತುತ್ತು

ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ? ಹಾರ್ಟ್ ಅಟ್ಯಾಕಿನಿಂದ ಅಂದರೆ ನೀವು ಪುಟ ಮಗುಚುತ್ತೀರಿ. ಸಕ್ಕರೆಯಿಂದ ಅಂದರೆ ತುರೋಬ್ ಜಗಳಕ್ಕೆ ಬರುತ್ತಾನೆ. ತುರೋಬ್ ನನ್ನ ಕಥಾನಾಯಕ, ಮರ್ಗಿಲಾನ್ ಎಂಬ ಊರಿನಲ್ಲಿ ರೇಷ್ಮೆಗೆ ಬಣ್ಣ ಹಾಕುವವನು. ನಾನೇ ಹುಟ್ಟಿಸಿದ್ದು, ಆದರೂ ನನ್ನ ಮಾತು ಕೇಳುವುದಿಲ್ಲ.

೧. (ಮೊದಲ ಡ್ರಾಫ್ಟ್)

ವಸಂತದಲ್ಲಿ ತುರೋಬ್‌ಗೆ ಹಾರ್ಟ್ ಅಟ್ಯಾಕ್ ಆಯಿತು. ಅದೇ ವಾರ ಅವನ ಬಾಲ್ಯದ ಗೆಳೆಯ ಅಸ್ಕರನಿಗೂ ಆಯಿತು. ಅಸ್ಕರ್ ಹೆಂಡತಿ ತೀರಿಹೋದ ಮೇಲೆ ಒಬ್ಬನೇ ಇರುವವನು. ಇಬ್ಬರೂ ಬದುಕಿದರು.

("ಅವ್ನಿಗ್ಯಾಕೆ? ನನ್ನ ಹಾರ್ಟ್ ಅಟ್ಯಾಕಲ್ಲೂ ಅವ್ನಿಗೆ ಪಾಲು ಬೇಕಿತ್ತಾ?" ಎಂದ ತುರೋಬ್.)

೨.

ಬೇಸಿಗೆ ಮುಗಿಯುವಾಗ ರಿಪೋರ್ಟ್ ಬಂತು. "ಶುಗರ್ ಇನ್ನೂ ಬಂದಿಲ್ಲ, ಅಣ್ಣಾ. ಹೊಸ್ತಿಲ ಮೇಲೆ ನಿಂತಿದೆ," ಎಂದರು ಡಾಕ್ಟರಮ್ಮ ಫೆರೂಜಾ. "ಊಟ ಹಿಡಿತದಲ್ಲಿಟ್ಕೊಂಡು ನಡೀರಿ. ಇಲ್ಲಾ, ಈಗ್ಲೇ ಒಂದು ಮಾತ್ರೆ ಶುರು ಮಾಡೋಣ. ಯೋಚ್ನೆ ಮಾಡಿ ಹೇಳಿ."

"ನೀವು ಆಗ್ಲೇ ಕೊಟ್ಟಿರೋ ಕೊಲೆಸ್ಟ್ರಾಲ್ ಮಾತ್ರೆಯಿಂದ್ಲೇ ಶುಗರ್ ಏರತ್ತಂತಲ್ಲ?"

"ಸ್ವಲ್ಪ ಏರಬಹುದು. ಆದ್ರೆ ನಿಮ್ಮ ಹೃದಯ ಕಾಯ್ತಿರೋದೇ ಅದು. ಬಿಟ್ಟುಗಿಟ್ಟೀರಿ, ಜೋಕೆ!"

"ಅಸ್ಕರಂದು ಎಷ್ಟು ಬಂತು?"

ಡಾಕ್ಟರಮ್ಮ ಮುಂದಿನ ರೋಗಿಯನ್ನು ಕರೆದರು. ಆಮೇಲೆ ಅಸ್ಕರನೇ ಚಹಾಖಾನೆಯಲ್ಲಿ ಡಂಗುರ ಸಾರಿದ: ನಾರ್ಮಲ್.

೨. (ಮತ್ತೆ, ಏಕೆಂದರೆ ಹೊಟ್ಟೆಕಿಚ್ಚು ಬರೆಯುವುದೇ ಮರೆತೆ)

ಅಸ್ಕರ್ ಚಹಾದ ಜೊತೆ ಕಲ್ಲುಸಕ್ಕರೆಯನ್ನು ಕಟಕಟ ಕಡಿಯುತ್ತಾನೆ. ಆ ಸದ್ದಿಗೇ ತುರೋಬ್‌ಗೆ ಮೈ ಉರಿಯುತ್ತದೆ. ಮನೆಗೆ ಬಂದರೆ ಹೆಂಡತಿ ಸಾನಮ್: "ನೋದಿರನ ಅಪ್ಪಾ, ಆ ರೊಟ್ಟಿ ಕೆಳಗಿಡಿ!" ಕೊಲೆಸ್ಟ್ರಾಲ್ ಮಾತ್ರೆಯನ್ನು ಅವನು ಅವಳೆದುರು ನುಂಗಿದಂತೆ ನಟಿಸಿ, ಟೋಪಿಯ ಮಡಿಕೆಗೆ ಸಿಕ್ಕಿಸುತ್ತಾನೆ.

"ಈ ಸಕ್ಕರೇನ ಅಸ್ಕರಂಗೆ ಹಾಕಪ್ಪಾ," ಎಂದು ನನ್ನ ಬೆನ್ನುಬಿದ್ದ. "ಹೆಸರು ಬದ್ಲಾಯಿಸಿದ್ರೆ ನಿಂಗೇನು ನಷ್ಟ?"

ಬದಲಾಯಿಸಿದೆ. ಊರೆಲ್ಲ ಅಸ್ಕರನ ಮನೆಗೆ ಹೋಗಿ ಯೋಗಕ್ಷೇಮ ವಿಚಾರಿಸಿತು. ತುರೋಬ್‌ಗೆ ಅದಕ್ಕೂ ಹೊಟ್ಟೆ ಉರಿಯಿತು. ಆ ಪುಟ ಹರಿದುಹಾಕಿದೆ.

೪. (ಮೂರರಲ್ಲಿ ಅವನು ಕಾಲುವೆ ದಂಡೆಯಲ್ಲಿ ದಿನಾ ನಡೆದು ಗುಣವಾಗುತ್ತಿದ್ದ. ಆಕಳಿಕೆ ಬಂತು, ತೆಗೆದೆ.)

ಗುರುವಾರದ ಗೆಳೆಯರ ಕೂಟ. ಪಲಾವ್ ಬೇಯಿಸಿದವನು ಕೊನೆಯ ಹಿಡಿಯನ್ನು ತನ್ನ ಕೈಯಿಂದಲೇ ಗೆಳೆಯರ ಬಾಯಿಗಿಡಬೇಕು. ಮುಖ ತಿರುಗಿಸಿದರೆ ಗೆಳೆತನಕ್ಕೇ ಉಗಿದಂತೆ. ಮೊದಲೆಲ್ಲ ಸೌಟು ತುರೋಬನದು, ಈಗ ಅಸ್ಕರನದು. ಕುರಿಬಾಲದ ಕೊಬ್ಬು ಜಿನುಗುವ ಹಿಡಿಯೊಂದಿಗೆ ಅವನು ಎದುರು ಬಂದು ಕೂತ.

"ಬಾಯಿ ತೆಗಿ."

"ಡಾಕ್ಟರಮ್ಮ ಬೇಡ ಅಂದಿದಾರೆ."

"ಓಹೋ, ಡಾಕ್ಟರಮ್ಮ ತಿನ್ಸಿದ್ರೆ ತಿಂತಿದ್ಯೇನೋ!" ಎಲ್ಲರೂ ನಕ್ಕರು. ಬೆವರೊರೆಸಲು ತುರೋಬ್ ಟೋಪಿ ತೆಗೆದ. ಹಾಸಿದ ಬಟ್ಟೆಯ ಮೇಲೆ ಬಿಳಿ ಮಾತ್ರೆಗಳು ಉದುರಿದವು.

ಅಸ್ಕರ್ ನೋಡಿದ. ದನಿ ತಗ್ಗಿಸಿದ. "ಸಾನಮ್ ಕೊಟ್ಟಿದ್ದಾ? ಮುಟ್ಠಾಳ! ನಿಂಗೆ ರೊಟ್ಟಿ ಕಿತ್ಕೊಳ್ಳೋಕೆ ಒಬ್ಳಿದಾಳೆ. ನಂಗೆ ಎಲ್ರೂ ಬಡಿಸೋರೇ, ಸಾಕು ಅನ್ನೋರು ಒಬ್ರಿಲ್ಲ. ನನ್ನ ಮಾತ್ರೆ ಡಬ್ಬಿ ಒಡೆದೇ ಇಲ್ಲ ಕಣೋ. ನಿನ್ನ ಕಂಡ್ರೆ ಹೊಟ್ಟೆ ಉರಿಯತ್ತೆ ನಂಗೆ."

ತುರೋಬ್ ನನ್ನ ಕಡೆ ತಿರುಗಿದ. "ನೋಡಿದ್ಯಾ? ದುಃಖದಲ್ಲೂ ಇವನದೇ ಮೇಲುಗೈ!"

೫. ಮುಕ್ತಾಯಗಳು

ಅ) ತುರೋಬ್ ತುತ್ತು ತಿನ್ನುತ್ತಾನೆ. (ಸಾನಮ್ ನನ್ನನ್ನು ಸುಮ್ಮನೆ ಬಿಡುವುದಿಲ್ಲ.)

ಆ) ಮುಖ ತಿರುಗಿಸುತ್ತಾನೆ. (ಅಸ್ಕರ್ ಮುಂದಿನ ಗುರುವಾರ ಬರುವುದಿಲ್ಲ.)

ಇ) ಈ ಗದ್ದಲದಲ್ಲಿ ನಾನು ಪೆನ್ನು ಹುಡುಕುತ್ತಿದ್ದೇನೆ. ತುರೋಬ್ ಒಂದು ಮಾತ್ರೆ ಎತ್ತಿಕೊಂಡಿದ್ದಾನೆ. ಅಸ್ಕರನ ಹಿಡಿ ಇನ್ನೂ ಗಾಳಿಯಲ್ಲಿದೆ.

"ಮೊದ್ಲು ಅದನ್ನ ನುಂಗು, ಕತ್ತೆ!"

"ನೀನು ಡಬ್ಬಿ ಒಡಿ, ನಾನು ನುಂಗ್ತೀನಿ. ಆ ಕೊಬ್ಬಿನ ಮುದ್ದೆ ಕೆಳಗಿಡು. ನಿಂಗೂ ಹಾರ್ಟ್ ಅಟ್ಯಾಕ್ ಆಗಿದೆ, ಮರೆತ್ಯಾ ಹಂದಿ?"

ಸಾಕು ಅನ್ನುವವರಿಲ್ಲ ಎಂದವನಿಗೆ ಚೆನ್ನಾಗಿ ಬೈಗುಳ ಬೀಳುತ್ತಿದೆ. ನಾನು ಕಥೆ ಮುಗಿಸಿದರೆ ಅದೂ ನಿಲ್ಲುತ್ತದೆ. ಆದ್ದರಿಂದ ಮುಗಿಸುವುದಿಲ್ಲ. ಇಬ್ಬರೂ ನನ್ನನ್ನು ಮರೆತೇಬಿಟ್ಟಿದ್ದಾರೆ. ಇಷ್ಟು ಹೊತ್ತು ಜಗಳವಾಡಲು ತುರೋಬ್‌ಗೆ ನಾನೇ ಬೇಕಿತ್ತು.

(ಹೌದು, ನನಗೂ ಹೊಟ್ಟೆಕಿಚ್ಚು.)